ಹೊಸ ಟಿವಿಯ ಜೊತೆ ಮೊದಲ ಒಂದು ತಿಂಗಳು: ನನ್ನ ಅನುಭವ

ನಮ್ಮ ಹಳೆಯ ಟಿವಿ ಹತ್ತು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಪರದೆಯ ಎಡಗಡೆ ಮಬ್ಬಾಗುತ್ತಾ ಬಂತು. ಹಿಂದೆ ಬೆಳಕು ಕೊಡುವ ಎಲ್‌ಇಡಿ ಪಟ್ಟಿಗಳಲ್ಲಿ ಒಂದು ಸುಟ್ಟು ಹೋಗಿದೆ ಎಂದು ರಿಪೇರಿಯವರು ಬಿಚ್ಚಿ ತೋರಿಸಿದರು. ಆಗಲೇ ಹೊಸದನ್ನು ತರೋಣ ಎಂದು ತೀರ್ಮಾನಿಸಿದೆವು. ತಂದಿದ್ದು 55 ಇಂಚಿನ 4ಕೆ ಟಿವಿ. ಒಂದು ತಿಂಗಳು ಅದರ ಮುಂದೆ ಕೂತು, ಮೆನುವಿನಲ್ಲಿ ಒಂದೊಂದೇ ಆಯ್ಕೆ ಬದಲಾಯಿಸಿ ನೋಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬದಿಂದ ತೆಗೆದ ದಿನ ಟಿವಿ ತೋರಿಸುವ ಚಿತ್ರ ಅದರ ಒಳ್ಳೆಯ ಚಿತ್ರ ಅಲ್ಲವೇ ಅಲ್ಲ. ಅದನ್ನು ನೋಡಿ ಟಿವಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳಲು ಹೋಗಬೇಡಿ.

ಕೊಳ್ಳುವ ಮೊದಲು ಮಾಡಿದ ಒಂದು ಕೆಲಸ ತುಂಬಾ ಉಪಯೋಗಕ್ಕೆ ಬಂತು. 55 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಇರುವ ಅಳತೆ. ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ ಸುಮಾರು 68 ಸೆಂಟಿಮೀಟರ್. ಆ ಅಳತೆಗೆ ಹಳೆಯ ಪೇಪರ್ ಅಂಟಿಸಿ ಗೋಡೆಗೆ ಹಚ್ಚಿದೆ. ಎರಡು ದಿನ ಅದು ಹಾಗೇ ಇತ್ತು. ಸೋಫಾದಲ್ಲಿ ಕೂತಾಗೆಲ್ಲ ಕಣ್ಣು ಅದರ ಮೇಲೆ ಹೋಗುತ್ತಿತ್ತು, ಗಾತ್ರ ಹೊಂದುತ್ತದೋ ಇಲ್ಲವೋ ತಾನಾಗಿ ಗೊತ್ತಾಯಿತು. ಸಿನಿಮಾ ನೋಡಲು ಪರದೆ ನಮ್ಮ ನೋಟದಲ್ಲಿ 30 ಡಿಗ್ರಿಯಷ್ಟು ತುಂಬಿದರೆ ಒಳ್ಳೆಯದು ಎಂಬ ಲೆಕ್ಕ ಇದೆ. 55 ಇಂಚಿಗೆ ಅದು ಸುಮಾರು ಎರಡೂಕಾಲು ಮೀಟರ್ ದೂರ. ನಮ್ಮ ಸೋಫಾ ಎರಡೂವರೆ ಮೀಟರ್ ದೂರದಲ್ಲಿತ್ತು. ಒಂದು ಗೇಣು ಮುಂದಕ್ಕೆ ಎಳೆದೆವು, ಅಷ್ಟೇ.

ಅಳೆಯಲು ಮರೆತದ್ದು ಒಂದೇ, ಟಿವಿಯ ಕಾಲು. ಈಗಿನ ಹಲವು ಟಿವಿಗಳಿಗೆ ನಡುವೆ ಒಂದೇ ಸ್ಟ್ಯಾಂಡ್ ಇರುವುದಿಲ್ಲ, ಎರಡು ತುದಿಯಲ್ಲಿ ಎರಡು ಕಾಲು ಇರುತ್ತವೆ. ನಮ್ಮ ಟಿವಿಯ ಕಾಲುಗಳ ನಡುವೆ ಒಂದು ಮೀಟರ್‌ಗಿಂತ ಜಾಸ್ತಿ ಅಂತರ. ಮೇಜು ಇದ್ದದ್ದು 90 ಸೆಂಟಿಮೀಟರ್. ಮೊದಲ ರಾತ್ರಿ ಟಿವಿ ಡಬ್ಬದಲ್ಲೇ ಉಳಿಯಿತು. ನೀವು ಕೊಳ್ಳುವಾಗ ಪರದೆಯ ಅಗಲದ ಜೊತೆ ಕಾಲುಗಳ ಅಂತರವನ್ನೂ ನೋಡಿ. ಎತ್ತುವಾಗ ಇಬ್ಬರು ಬೇಕು, ಪರದೆಯನ್ನು ಒತ್ತಬಾರದು, ಅಡ್ಡ ಮಲಗಿಸಿ ಸಾಗಿಸಬಾರದು.

ಓಎಲ್‌ಇಡಿ ಪರದೆಯೋ, ಹಿಂದಿನ ದೀಪಗಳಿಂದ ಬೆಳಗುವ ಎಲ್‌ಸಿಡಿಯೋ ಎಂದು ಬಹಳ ದಿನ ಯೋಚಿಸಿದೆ. ಓಎಲ್‌ಇಡಿಯಲ್ಲಿ ಪ್ರತಿಯೊಂದು ಪಿಕ್ಸೆಲ್, ಅಂದರೆ ಚಿತ್ರದ ಪುಟ್ಟ ಚುಕ್ಕೆ, ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಹಾಗಾಗಿ ಕಪ್ಪು ಅಂದರೆ ಪೂರ್ತಿ ಕಪ್ಪು. ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಅದಕ್ಕೆ ಸಾಟಿ ಇಲ್ಲ. ಆದರೆ ನಮ್ಮ ಮನೆಯಲ್ಲಿ ಹಗಲಿನಲ್ಲಿ ದೊಡ್ಡ ಕಿಟಕಿಯ ಬೆಳಕು ನೇರ ಪರದೆಯ ಮೇಲೆ ಬೀಳುತ್ತದೆ. ಅಪ್ಪ ದಿನಕ್ಕೆ ಐದಾರು ಗಂಟೆ ಒಂದೇ ಸುದ್ದಿ ಚಾನೆಲ್ ಹಾಕಿರುತ್ತಾರೆ. ಆ ಚಾನೆಲ್‌ನ ಲೋಗೊ, ಕೆಳಗಿನ ಪಟ್ಟಿ ದಿನವೂ ಅದೇ ಜಾಗದಲ್ಲಿ ನಿಂತಿದ್ದರೆ ಓಎಲ್‌ಇಡಿಯಲ್ಲಿ ವರ್ಷಗಳ ಮೇಲೆ ಅದರ ಕಲೆ ಉಳಿಯುವ ಅಪಾಯ ಇದೆ. ಅದಕ್ಕೇ ನಾನು ವಿಎ ಎಂಬ ಬಗೆಯ ಪ್ಯಾನೆಲ್ ಇರುವ ಎಲ್‌ಸಿಡಿ, ಅದರಲ್ಲೂ ಫುಲ್ ಅರೇ ಲೋಕಲ್ ಡಿಮ್ಮಿಂಗ್ ಇರುವುದನ್ನು ಆರಿಸಿಕೊಂಡೆ. ಅಂದರೆ ದೀಪಗಳು ಅಂಚಿನಲ್ಲಿ ಮಾತ್ರ ಇರದೆ ಪರದೆಯ ಹಿಂದೆಲ್ಲ ಹರಡಿರುತ್ತವೆ, ಚಿತ್ರದ ಕಪ್ಪು ಭಾಗದ ಹಿಂದಿನ ದೀಪಗಳು ಮಂದವಾಗುತ್ತವೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದಂತೆ ಕಾಣುತ್ತದೆ. ಎಲ್‌ಸಿಡಿಯ ಇನ್ನೊಂದು ಬಗೆಯಾದ ಐಪಿಎಸ್ ಪ್ಯಾನೆಲ್ ಇದಕ್ಕೆ ತದ್ವಿರುದ್ಧ. ನಾವೆಲ್ಲ ಹೆಚ್ಚುಕಡಿಮೆ ಎದುರಿಗೇ ಕೂರುತ್ತೇವೆ. ಹಾಗಾಗಿ ವಿಎ ಸಾಕಾಯಿತು.

ಮೊದಲ ಸಂಜೆ ಟಿವಿ ಹಾಕಿದಾಗ ಮನೆಯವರೆಲ್ಲ ಖುಷಿಪಟ್ಟರು. ನನಗೆ ಮಾತ್ರ ಕಣ್ಣು ನೋಯಲು ಶುರುವಾಯಿತು. ಹುಲ್ಲು ಪೇಂಟ್ ಬಳಿದಂತೆ ಹಸಿರು. ಮುಖಗಳೆಲ್ಲ ಜ್ವರ ಬಂದವರ ಹಾಗೆ ಕೆಂಪು. ಬಿಳಿ ಬಟ್ಟೆಗೆ ನೀಲಿ ಹಾಕಿ ಒಗೆದ ಛಾಯೆ. ಟಿವಿ 'ವಿವಿಡ್' ಮೋಡ್‌ನಲ್ಲಿತ್ತು. ಹತ್ತಾರು ಟಿವಿಗಳು ಸಾಲಾಗಿ ನಿಂತ ಜಾಗದಲ್ಲಿ, ಜೋರು ಬೆಳಕಿನ ನಡುವೆ ಕಣ್ಣು ಸೆಳೆಯಲು ಇರುವ ಮೋಡ್ ಅದು. ಮನೆಗೆ ಅದು ಬೇಡ.

ಒಂದು ಪ್ರಯೋಗ ಮಾಡಿದೆ. ಒಂದು ಚಲನಚಿತ್ರದಲ್ಲಿ ದೀಪದ ಬೆಳಕಿನಲ್ಲಿ ಕೂತ ಅಜ್ಜಿಯ ಮುಖ ಹತ್ತಿರದಿಂದ ಕಾಣುವ ದೃಶ್ಯ ಇತ್ತು. ಅಲ್ಲಿ ನಿಲ್ಲಿಸಿ ಪರದೆಯ ಹತ್ತಿರ ಹೋಗಿ ನೋಡಿದೆ. ವಿವಿಡ್‌ನಲ್ಲಿ ಆಕೆಯ ಪ್ರತಿ ಸುಕ್ಕಿನ ಪಕ್ಕ ಒಂದು ತೆಳ್ಳಗಿನ ಬಿಳಿ ಗೆರೆ. ಕೂದಲಿನ ಅಂಚಿಗೂ ಅದೇ ಗೆರೆ. ಅದು ಚಿತ್ರದಲ್ಲಿ ಇದ್ದದ್ದಲ್ಲ, ಶಾರ್ಪ್‌ನೆಸ್ ಜಾಸ್ತಿ ಇಟ್ಟಿದ್ದರಿಂದ ಟಿವಿ ತಾನೇ ಬರೆದದ್ದು. ಕೆನ್ನೆಯ ಬೆಳಗಿದ ಭಾಗ ಒಂದೇ ಬಿಳಿ ಚುಕ್ಕೆ. 'ಸಿನಿಮಾ' ಮೋಡ್‌ಗೆ ಹಾಕಿ, ಶಾರ್ಪ್‌ನೆಸ್ ಬಹುತೇಕ ಸೊನ್ನೆಗೆ ಇಳಿಸಿದೆ. ಬಿಳಿ ಗೆರೆಗಳು ಹೋದವು. ಕೆನ್ನೆಯ ಮೇಲೆ ದೀಪದ ಹಳದಿ ನಿಧಾನವಾಗಿ ಕಂದಾಗಿ, ಆಮೇಲೆ ನೆರಳಾಗುವುದು ಕಂಡಿತು. ಕಣ್ಣಿನ ಕೆಳಗಿನ ತೇವ ಕಂಡಿತು. ಅಲ್ಲಿಯವರೆಗೆ ಆಕೆ ಅಳುತ್ತಿದ್ದಾಳೆ ಎಂದೇ ನನಗೆ ಗೊತ್ತಾಗಿರಲಿಲ್ಲ.

ಸಿನಿಮಾ ಮೋಡ್ ಹಾಕಿದ ಕೂಡಲೇ ಎಲ್ಲರೂ "ಇದೇನು, ಹಳದಿ ಆಯ್ತಲ್ಲ" ಅನ್ನುತ್ತಾರೆ. ನಮ್ಮ ಮನೆಯಲ್ಲೂ ಅಂದರು. ಅದು ನಿಜವಾಗಿ ಹಳದಿ ಅಲ್ಲ. ಚಿತ್ರ ತಯಾರಿಸುವವರು ಬಿಳಿಗೆ ಸುಮಾರು 6500 ಕೆಲ್ವಿನ್ ಅನ್ನುವ ಅಳತೆ ಇಟ್ಟುಕೊಳ್ಳುತ್ತಾರೆ. ವಿವಿಡ್‌ನ ಬಿಳಿ ಅದಕ್ಕಿಂತ ಬಹಳ ನೀಲಿ. ನೀಲಿಗೆ ಒಗ್ಗಿದ ಕಣ್ಣಿಗೆ ಸರಿಯಾದ ಬಿಳಿ ಹಳದಿಯಾಗಿ ಕಾಣುತ್ತದೆ. ಎರಡು ದಿನ ಸುಮ್ನೆ ಹಾಗೇ ಬಿಡಿ ಎಂದು ಕೇಳಿಕೊಂಡೆ. ಮೂರನೇ ದಿನ ಬೇಕೆಂದೇ ವಿವಿಡ್ ಹಾಕಿ ತೋರಿಸಿದೆ. "ಅಯ್ಯೋ, ಕಣ್ಣಿಗೆ ಚುಚ್ಚುತ್ತೆ, ತೆಗಿ" ಎಂದಳು ತಂಗಿ. ಕೆಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಎಂದೇ ಇರುತ್ತದೆ. ಟಿವಿ ಕಂಪನಿಗಳು, ಸಿನಿಮಾ ಸ್ಟುಡಿಯೊಗಳು ಸೇರಿದ ಯುಎಚ್‌ಡಿ ಅಲೈಯನ್ಸ್ ಎಂಬ ಕೂಟ 2019ರಲ್ಲಿ ಪ್ರಕಟಿಸಿದ ಮೋಡ್ ಇದು. ಶಾರ್ಪ್‌ನೆಸ್, ಮೋಷನ್ ಸ್ಮೂದಿಂಗ್ ಎಲ್ಲವನ್ನೂ ಒಂದೇ ಸಲ ಆಫ್ ಮಾಡುತ್ತದೆ. ನಿಮ್ಮ ಟಿವಿಯಲ್ಲಿ ಇದ್ದರೆ ಅಲ್ಲಿಂದಲೇ ಶುರು ಮಾಡಿ.

ಮೋಷನ್ ಸ್ಮೂದಿಂಗ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತವೆ. ಟಿವಿ ನಡುನಡುವೆ ತನ್ನದೇ ಚಿತ್ರಗಳನ್ನು ಊಹಿಸಿ ಸೇರಿಸುತ್ತದೆ. ಆಗ ಎಲ್ಲವೂ ನುಣುಪಾಗಿ ಜಾರುತ್ತದೆ, ಸಿನಿಮಾ ಹೋಗಿ ಧಾರಾವಾಹಿಯ ಶೂಟಿಂಗ್ ನೋಡಿದಂತೆ ಆಗುತ್ತದೆ. ಕೈ ಬೇಗ ಬೀಸಿದರೆ ಬೆರಳುಗಳ ಸುತ್ತ ಕಲಸಿದ ನೆರಳು ಕಾಣುತ್ತದೆ. ನಾನು ಸಿನಿಮಾಗೆ ಅದನ್ನು ಪೂರ್ತಿ ಆಫ್ ಮಾಡಿದ್ದೇನೆ. ಆಟಕ್ಕೆ ಮಾತ್ರ ಸ್ವಲ್ಪ ಇಟ್ಟಿದ್ದೇನೆ, ಚೆಂಡು ಸ್ಪಷ್ಟವಾಗಿ ಕಾಣುತ್ತದೆ. ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನವಾಗಿ ತಿರುಗುವಾಗ ಚಿತ್ರ ಸ್ವಲ್ಪ ತಡವರಿಸಿದರೆ ಗಾಬರಿ ಬೇಡ. 60 ಹರ್ಟ್ಸ್ ಪರದೆ ಅಂದರೆ ಸೆಕೆಂಡಿಗೆ 60 ಸಲ ಚಿತ್ರ ತೋರಿಸುವುದು, ಅದಕ್ಕೆ 24 ಸರಿಯಾಗಿ ಭಾಗವಾಗುವುದಿಲ್ಲ. ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಚಿತ್ರವನ್ನೂ ಐದೈದು ಸಲ ತೋರಿಸಬಹುದು. ದುಡ್ಡು ಹೊಂದಿದರೆ 120 ಹರ್ಟ್ಸ್‌ಗೆ ಹೋಗಿ ಅಂತ ನಾನು ಹೇಳುವುದು ಇದೇ ಕಾರಣಕ್ಕೆ, ಗೇಮ್ ಆಡದವರಿಗೂ.

ಬೆಳಕಿನ ವಿಷಯದಲ್ಲಿ ಹೆಸರುಗಳು ಗೊಂದಲ ಮಾಡುತ್ತವೆ. ಹಲವು ಎಲ್‌ಸಿಡಿ ಟಿವಿಗಳಲ್ಲಿ ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವುದು 'ಬ್ಯಾಕ್‌ಲೈಟ್'. 'ಬ್ರೈಟ್‌ನೆಸ್' ಅನ್ನುವುದು ಕಪ್ಪಿನ ಮಟ್ಟ. ಅದನ್ನು ಏರಿಸಿದರೆ ಕಪ್ಪು ಬೂದಿಯಾಗುತ್ತದೆ, ತುಂಬಾ ಇಳಿಸಿದರೆ ನೆರಳಿನಲ್ಲಿರುವ ವಸ್ತುಗಳು ಮಾಯವಾಗುತ್ತವೆ. ನಾನು ಬ್ರೈಟ್‌ನೆಸ್ ಮುಟ್ಟಲಿಲ್ಲ. ಹಗಲಿಗೆ ಬ್ಯಾಕ್‌ಲೈಟ್ ಜಾಸ್ತಿ, ರಾತ್ರಿಗೆ ಕಡಿಮೆ, ಹೀಗೆ ಎರಡು ಮೋಡ್ ಮಾಡಿಟ್ಟುಕೊಂಡೆ. ವಿದ್ಯುತ್ ಉಳಿಸುವ ಆಯ್ಕೆ ಆನ್ ಆಗಿದ್ದರೆ ಚಿತ್ರ ತಾನಾಗಿ ಮಂಕಾಗುತ್ತಿರುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ. ಇನ್ನೊಂದು ವಿಷಯ ನನಗೆ ಒಂದು ವಾರದ ನಂತರ ಗೊತ್ತಾಯಿತು. ಹಲವು ಟಿವಿಗಳು ಈ ಆಯ್ಕೆಗಳನ್ನು ಒಂದೊಂದು ಎಚ್‌ಡಿಎಂಐಗೆ (ಹೊರಗಿನ ಬಾಕ್ಸ್‌ಗಳ ಕೇಬಲ್ ಚುಚ್ಚುವ ಪೋರ್ಟ್) ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಹಾಗೆಯೇ ಸಾಮಾನ್ಯ ಚಿತ್ರಕ್ಕೆ ಒಂದು, ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚು ತೋರಿಸುವ ಎಚ್‌ಡಿಆರ್‌ಗೆ ಒಂದು, ಎಚ್‌ಡಿಆರ್‌ನ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್‌ಗೆ ಇನ್ನೊಂದು. ಒಂದು ಕಡೆ ಸರಿ ಮಾಡಿ ಬಿಟ್ಟರೆ ಮತ್ತೊಂದು ಕಡೆ ವಿವಿಡ್ ಹಾಗೇ ಕೂತಿರುತ್ತದೆ.

ಈಗ ದೋಷ ಹುಡುಕುವ ಮಾತು. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಇದನ್ನು ಮಾಡಬೇಕು. ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು, ಬೂದಿ ಬಣ್ಣದ ಚಿತ್ರಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಒಂದೊಂದಾಗಿ ತೋರಿಸಿದೆ. ಸತ್ತ ಪಿಕ್ಸೆಲ್ ಇದ್ದರೆ ಬಿಳಿಯ ಮೇಲೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ನಮ್ಮದರಲ್ಲಿ ಅದು ಇರಲಿಲ್ಲ. ಆದರೆ ಬೂದಿ ಬಣ್ಣ ಬಂದಾಗ ಪರದೆಯ ಬಲಭಾಗದಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಬೆರಳು ಅಗಲದ ಒಂದು ಕಪ್ಪು ಪಟ್ಟಿ ಕಂಡಿತು. ಸಾಮಾನ್ಯ ಸಿನಿಮಾದಲ್ಲಿ ಅದು ಕಾಣುತ್ತಿರಲಿಲ್ಲ. ಫುಟ್‌ಬಾಲ್ ಹಾಕಿದೆ. ಕ್ಯಾಮೆರಾ ಹಸಿರು ಮೈದಾನದ ಮೇಲೆ ಜಾರುವಾಗ ಆ ಪಟ್ಟಿ ಮಾತ್ರ ಜಾರದೆ ನಿಂತಿತ್ತು, ಕೊಳೆ ಗಾಜಿನ ಹಿಂದಿನಿಂದ ನೋಡಿದ ಹಾಗೆ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲಿಲ್ಲ.

ನೋಡಲು ಬಂದ ತಂತ್ರಜ್ಞರು "ಎಲ್ಲ ಎಲ್‌ಸಿಡಿಯಲ್ಲೂ ಇರುತ್ತೆ ಸಾರ್" ಎಂದರು. ಸ್ವಲ್ಪ ಇರುವುದು ನಿಜ, ಬೂದಿ ಪರದೆಯನ್ನು ಪೂರ್ತಿ ಒಂದೇ ಸಮ ತೋರಿಸುವ ಎಲ್‌ಸಿಡಿ ಸಿಗುವುದು ಕಷ್ಟ. ಆದರೆ ಮಾಮೂಲಿ ಆಟ ನೋಡುವಾಗ ಕೂತ ಜಾಗದಿಂದ ಕಾಣುತ್ತಿದ್ದರೆ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಆ ಪಂದ್ಯದ ಹತ್ತು ಸೆಕೆಂಡಿನ ಭಾಗವನ್ನು ಅವರ ಎದುರೇ ಮೂರು ಸಲ ಹಾಕಿದೆ. ಮೂರನೇ ಸಲ ಅವರೇ ಬೆರಳು ತೋರಿಸಿದರು. ಟಿವಿ ಬದಲಾಯಿತು. ಎರಡನೆಯದರಲ್ಲಿ ಮೂಲೆಗಳು ಸ್ವಲ್ಪ ಮಬ್ಬು, ಆದರೆ ಪಟ್ಟಿ ಇಲ್ಲ. ಅದನ್ನು ಇಟ್ಟುಕೊಂಡೆವು. ಡಬ್ಬ, ಥರ್ಮಾಕೋಲ್ ಎಸೆಯದೆ ಇಟ್ಟಿದ್ದರಿಂದ ವಾಪಸ್ ಕಳಿಸುವುದು ಸುಲಭವಾಯಿತು.

ರಾತ್ರಿ ದೀಪ ಆರಿಸಿ ಇನ್ನೊಂದು ಪರೀಕ್ಷೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಸಬ್‌ಟೈಟಲ್ ಬರುವ ದೃಶ್ಯ ಹಾಕಿದೆ. ಅಕ್ಷರಗಳ ಸುತ್ತ ಮಸುಕು ಬೆಳಕಿನ ಒಂದು ಮೋಡ ಕಾಣುತ್ತದೆ. ಲೋಕಲ್ ಡಿಮ್ಮಿಂಗ್ ಇರುವ ಎಲ್‌ಸಿಡಿಯಲ್ಲಿ ಇದು ಸಹಜ. ಒಂದು ಅಕ್ಷರಕ್ಕಾಗಿ ಹಿಂದಿನ ಇಡೀ ಒಂದು ಭಾಗದ ದೀಪ ಬೆಳಗಬೇಕಲ್ವಾ? ಡಿಮ್ಮಿಂಗ್ 'ಹೈ'ನಲ್ಲಿದ್ದಾಗ ಆ ಮೋಡ ಅಕ್ಷರ ಬಂದಾಗೆಲ್ಲ ಹತ್ತಿ ಆರುತ್ತಿತ್ತು. 'ಮೀಡಿಯಂ'ಗೆ ಇಳಿಸಿ, ಸೋಫಾದ ಹಿಂದೆ ಒಂದು ಸಣ್ಣ ದೀಪ ಇಟ್ಟ ಮೇಲೆ ಕಣ್ಣಿಗೆ ಬೀಳುವುದು ನಿಂತಿತು. ಇದನ್ನು ಫೋನಿನಲ್ಲಿ ಫೋಟೊ ತೆಗೆದು ಅಳೆಯಬೇಡಿ. ಕತ್ತಲೆಯಲ್ಲಿ ಫೋನ್ ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ, ಒಳ್ಳೆಯ ಟಿವಿಯೂ ಕೆಟ್ಟದಾಗಿ ಕಾಣುತ್ತದೆ.

ಸ್ಟ್ರೀಮಿಂಗ್ ಬಾಕ್ಸ್ ಜೋಡಿಸಿದಾಗ ಎಚ್‌ಡಿಆರ್ ಬರಲೇ ಇಲ್ಲ. ಕೇಬಲ್ ಕೆಟ್ಟಿದೆ ಎಂದುಕೊಂಡು ಬದಲಾಯಿಸಿದೆ. ಆಮೇಲೆ ಮೆನುವಿನಲ್ಲಿ ಆ ಎಚ್‌ಡಿಎಂಐ ಪೋರ್ಟನ್ನು 'ಸ್ಟ್ಯಾಂಡರ್ಡ್'ನಿಂದ 'ಎನ್‌ಹ್ಯಾನ್ಸ್ಡ್'ಗೆ ಬದಲಾಯಿಸಬೇಕು ಎಂದು ಗೊತ್ತಾಯಿತು. ಒಂದೇ ಒತ್ತಿಗೆ ಸರಿಹೋಯಿತು. ಹಳೆಯ ಸೆಟ್‌ಟಾಪ್ ಬಾಕ್ಸ್‌ನ ಚಿತ್ರ ಮಾತ್ರ ದೊಡ್ಡ ಪರದೆಯಲ್ಲಿ ಮೊದಲಿಗಿಂತ ಮಸುಕಾಗಿ ಕಾಣುತ್ತದೆ. 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ ಎಂದರೆ ಸುಮಾರು 83 ಲಕ್ಷ ಪಿಕ್ಸೆಲ್ ಇವೆ. ಸಾಮಾನ್ಯ ಚಾನೆಲ್‌ನ ಕಡಿಮೆ ಪಿಕ್ಸೆಲ್ ಇರುವ ಚಿತ್ರವನ್ನು ಅಷ್ಟು ಜಾಗಕ್ಕೆ ಎಳೆದರೆ ಎಷ್ಟಾದರೂ ಬಂದೀತು? ಅದಕ್ಕೆ ಟಿವಿಯನ್ನು ದೂರಬೇಡಿ.

ಧ್ವನಿ ನಮಗೆ ನಿಜಕ್ಕೂ ತೊಂದರೆ ಕೊಟ್ಟಿತು. ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಕಡಿಮೆ, ಅದೂ ಹೆಚ್ಚಾಗಿ ಕೆಳಮುಖವಾಗಿರುತ್ತದೆ. ಅಮ್ಮನಿಗೆ ಸಂಗೀತ ಜೋರಾಗಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. "ಏನಂದ ಅವನು?" ಎಂದು ಪ್ರತಿ ಐದು ನಿಮಿಷಕ್ಕೆ ಕೇಳುವುದು ನೋಡಿ ನನಗೆ ಬೇಸರವಾಗುತ್ತಿತ್ತು, ಇಷ್ಟು ಒಳ್ಳೆಯ ಚಿತ್ರ ತಂದು ಅಮ್ಮನಿಗೆ ಕಥೆಯೇ ತಲುಪದಿದ್ದರೆ ಏನು ಪ್ರಯೋಜನ? 'ಕ್ಲಿಯರ್ ವಾಯ್ಸ್' ಆಯ್ಕೆ ಸ್ವಲ್ಪ ಸಹಾಯ ಮಾಡಿತು. ಕೊನೆಗೆ ನಡುವೆ ಮಾತಿಗೆಂದೇ ಬೇರೆ ಸ್ಪೀಕರ್ ಇರುವ ಒಂದು ಸೌಂಡ್‌ಬಾರ್ ತಂದು, 'ಎಆರ್‌ಸಿ' ಎಂದು ಬರೆದ, ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಪೋರ್ಟಿಗೆ ಜೋಡಿಸಿದೆ. ಒಂದೇ ರಿಮೋಟ್‌ನಲ್ಲಿ ಎರಡೂ ನಡೆಯುತ್ತವೆ. ಮೊದಲ ದಿನ ತುಟಿ ಅಲುಗಿದ ಸ್ವಲ್ಪ ಹೊತ್ತಿಗೆ ಮಾತು ಬರುತ್ತಿತ್ತು, ಆಡಿಯೊ ಡಿಲೇ ಸರಿ ಮಾಡಿದ ಮೇಲೆ ಹೋಯಿತು. ಈಗ ಅಮ್ಮ ಕೇಳುವುದಿಲ್ಲ, ಬದಲಿಗೆ ನಮಗೇ ಕಥೆ ಹೇಳುತ್ತಾರೆ.

ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ವಿಭಾಗಕ್ಕೂ ಒಮ್ಮೆ ಹೋಗಿ. ನೀವು ಏನು ನೋಡುತ್ತೀರಿ ಎಂದು ಗುರುತಿಸಿ ಕಳಿಸುವ ಆಯ್ಕೆಗೆ ಮೊದಲ ದಿನದ ಅವಸರದಲ್ಲಿ ನಾವೇ ಒಪ್ಪಿಗೆ ಒತ್ತಿರುತ್ತೇವೆ. ನಾನು ಆಫ್ ಮಾಡಿದೆ, ಟಿವಿ ಮೊದಲಿನಂತೆಯೇ ಓಡುತ್ತಿದೆ. ಪರದೆ ಒರೆಸಲು ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಗಾಜು ಒರೆಸುವ ದ್ರವ ಬೇಡ, ಮೇಲಿನ ಲೇಪ ಹಾಳಾಗುತ್ತದೆ.

ಇನ್ನೂ ಉಳಿದಿರುವುದು ಕಿಟಕಿ. ಸಂಜೆ ನಾಲ್ಕಕ್ಕೆ ಬಿಸಿಲು ಬಂದಾಗ, ಕತ್ತಲೆ ದೃಶ್ಯಗಳಲ್ಲಿ ನಮ್ಮ ಸೋಫಾವೇ ಪರದೆಯಲ್ಲಿ ಕಾಣುತ್ತದೆ. ಬ್ಯಾಕ್‌ಲೈಟ್ ಎಷ್ಟು ಏರಿಸಿದರೂ ಅದು ಹೋಗುವುದಿಲ್ಲ. ಕಿಟಕಿಗೆ ಹಾಕುವ ದಪ್ಪನೆಯ ಪರದೆ ಬಟ್ಟೆಗೆ ಅಳತೆ ತೆಗೆದಿದ್ದೇನೆ, ಮುಂದಿನ ವಾರ ಹಾಕಬೇಕು.