ಶುಗರ್ ಇದ್ದವರ ರಿಪೋರ್ಟಿನಲ್ಲಿ ಅಮೈಲೇಸ್: ಓದುವುದು ಹೇಗೆ?

ಶಿರಸಿಯಲ್ಲಾಗಲಿ ಕುಮಟೆಯಲ್ಲಾಗಲಿ, ಲ್ಯಾಬಿನ 'ಫುಲ್ ಪ್ಯಾಕೇಜ್' ಮಾಡಿಸಿದ ಶುಗರ್ ರೋಗಿಗಳ ರಿಪೋರ್ಟಿನಲ್ಲಿ ಕೆಲವೊಮ್ಮೆ 'ಸೀರಮ್ ಅಮೈಲೇಸ್' ಎಂಬ ಸಾಲೂ ಇರುತ್ತದೆ. ಅದರ ಮುಂದೆ ದಪ್ಪಕ್ಷರದಲ್ಲಿ 'ಲೋ' ಅಂತಲೋ 'ಹೈ' ಅಂತಲೋ ಕಂಡರೆ ಮನೆಮಂದಿಗೆಲ್ಲ ಗಾಬರಿ.

ಮೊದಲು, ಇದು ಶುಗರ್ ಪರೀಕ್ಷೆಯಲ್ಲ ಎಂಬುದು ಗೊತ್ತಿರಲಿ. ಅಮೈಲೇಸ್ ಅನ್ನದ ಪಿಷ್ಟವನ್ನು ಒಡೆದು ಸಣ್ಣ ಸಕ್ಕರೆಗಳಾಗಿಸುವ ಕಿಣ್ವ. ಕುಚಲಕ್ಕಿ ಅನ್ನವನ್ನು ಚೆನ್ನಾಗಿ ಅಗಿಯುತ್ತಿದ್ದರೆ ಸಿಹಿಯೆನಿಸುವುದು ಜೊಲ್ಲಿನಲ್ಲಿರುವ ಅಮೈಲೇಸ್‌ನಿಂದಲೇ. ಜೊಲ್ಲಿನ ಗ್ರಂಥಿಗಳಂತೆ ಮೇದೋಜೀರಕ ಗ್ರಂಥಿಯೂ ಇದನ್ನು ತಯಾರಿಸುತ್ತದೆ. ಇನ್ಸುಲಿನ್ ಹುಟ್ಟುವುದೂ ಇದೇ ಗ್ರಂಥಿಯಲ್ಲಿ. ಈ ಗ್ರಂಥಿಗಳಿಂದ ರಕ್ತಕ್ಕೆ ಸೇರುವ ಅಲ್ಪಸ್ವಲ್ಪ ಅಮೈಲೇಸನ್ನಷ್ಟೇ ಲ್ಯಾಬ್ ಅಳೆಯುತ್ತದೆ. ಹಿಂದಿನ ದಿನ ತೊಡೆದೇವಿನಂಥ ಸಿಹಿ ತಿಂದಿರೋ ಇಲ್ಲವೋ ಎನ್ನುವುದು ಈ ಅಂಕಿಯಿಂದ ತಿಳಿಯುವುದಿಲ್ಲ.

ಆಮೇಲೆ, ಅಂಕಿಯ ಪಕ್ಕದಲ್ಲಿ ಮುದ್ರಿಸಿರುವ ಮಿತಿಯನ್ನು ನೋಡಿ. ಹಲವು ಲ್ಯಾಬುಗಳಲ್ಲಿ ಅದು ಲೀಟರಿಗೆ ಸುಮಾರು 30ರಿಂದ 110 ಯೂನಿಟ್. ಅಳೆಯುವ ವಿಧಾನ ಬದಲಾದರೆ ಮಿತಿಯೂ ಬದಲಾಗುತ್ತದೆ, ಹಾಗಾಗಿ ಕಾರವಾರದ ರಿಪೋರ್ಟನ್ನು ಹುಬ್ಬಳ್ಳಿಯ ರಿಪೋರ್ಟಿನ ಪಕ್ಕ ಇಟ್ಟು ತಾಳೆ ನೋಡಬೇಡಿ.

'ಲೋ' ಇದ್ದರೆ? ಸಕ್ಕರೆ ಕಾಯಿಲೆಯವರಲ್ಲಿ, ಟೈಪ್ 1 ಇರಲಿ ಟೈಪ್ 2 ಇರಲಿ, ರಕ್ತದ ಅಮೈಲೇಸ್ ಸರಾಸರಿಯಲ್ಲಿ ಸ್ವಲ್ಪ ಕಡಿಮೆಯೇ ಇರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕಾರಣವೂ ಸ್ವಾರಸ್ಯಕರ. ಇನ್ಸುಲಿನ್ ಹುಟ್ಟಿದ ಜಾಗದಲ್ಲೇ ಅಕ್ಕಪಕ್ಕದ ಕಿಣ್ವ ತಯಾರಿಸುವ ಕೋಶಗಳನ್ನು ಮೊದಲು ಮುಟ್ಟಿ, ಅವುಗಳ ಕೆಲಸಕ್ಕೆ ಹುರುಪು ಕೊಡುತ್ತದೆ. ಇನ್ಸುಲಿನ್ ಕಡಿಮೆಯಾದರೆ, ಅಥವಾ ಇದ್ದೂ ನಾಟದಿದ್ದರೆ, ಅಮೈಲೇಸ್ ತಯಾರಿಯೂ ಇಳಿಯುತ್ತದೆ. ಪ್ರಯೋಗಾಲಯದಲ್ಲಿ ಮಧುಮೇಹ ಬರಿಸಿದ ಇಲಿಗಳ ಗ್ರಂಥಿಯಲ್ಲಿ ಅಮೈಲೇಸ್ ಕುಸಿಯುತ್ತದೆ, ಇನ್ಸುಲಿನ್ ಕೊಟ್ಟರೆ ಮತ್ತೆ ಏರುತ್ತದೆ. ಬೊಜ್ಜು ಇದ್ದವರಲ್ಲೂ ಇದು ಕಡಿಮೆ ಇರುವುದುಂಟು. ಬೇರೆ ತೊಂದರೆ ಇಲ್ಲದೆ ಅಂಕಿ ಮಾತ್ರ ಕೆಳಗಿದ್ದರೆ ಅದಕ್ಕೆಂದು ಮಾತ್ರೆ ಬೇಕಿಲ್ಲ. ನನ್ನ ಕೇಳಿದರೆ, ಲಕ್ಷಣವೇ ಇಲ್ಲದವರ ಪ್ಯಾಕೇಜಿನಲ್ಲಿ ಈ ಪರೀಕ್ಷೆಯನ್ನು ತುರುಕುವುದೇ ದಂಡ.

ಆದರೆ ತೂಕ ಇಳಿಯುತ್ತಿದೆ, ಮಲ ಜಿಡ್ಡುಜಿಡ್ಡಾಗಿ ನೀರಲ್ಲಿ ತೇಲುತ್ತದೆ, ವರ್ಷಗಳಿಂದ ಮೇಲುಹೊಟ್ಟೆ ನೋವು ಬಂದು ಹೋಗುತ್ತಿದೆ ಎಂದಾದರೆ ಮಾತೇ ಬೇರೆ. ಗ್ರಂಥಿಯೇ ಗಟ್ಟಿಕಟ್ಟಿ ಸೊರಗಿರಬಹುದು, ಶುಗರ್ ಬಂದದ್ದೂ ಅದರಿಂದಲೇ ಇರಬಹುದು. ವೈದ್ಯರು ಸ್ಕ್ಯಾನ್ ಮಾಡಿಸಿ, ಮಲದಲ್ಲಿ ಇಲಾಸ್ಟೇಸ್ (ಇದೇ ಗ್ರಂಥಿಯ ಇನ್ನೊಂದು ಕಿಣ್ವ) ಪರೀಕ್ಷಿಸಿ, ಬೇಕಿದ್ದರೆ ಊಟದ ಜೊತೆ ನುಂಗುವ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ.

'ಹೈ' ಇದ್ದರೆ ಮೊದಲು ಹೊಟ್ಟೆಯನ್ನು ವಿಚಾರಿಸಿ. ಬೆನ್ನಿಗೆ ಹಾಯುವ ತೀವ್ರ ಮೇಲುಹೊಟ್ಟೆ ನೋವು, ವಾಂತಿ, ಜೊತೆಗೆ ಅಂಕಿ ಮೇಲ್ಮಿತಿಯ 3 ಪಟ್ಟು ದಾಟಿದ್ದರೆ ಮೇದೋಜೀರಕದ ಉರಿಯೂತವೆಂದೇ ವೈದ್ಯರು ಹಿಡಿಯುತ್ತಾರೆ. ನೋವಿಲ್ಲದೆ ತುಸು ಏರಿದ್ದರೆ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಸಾಲನ್ನೂ ನೋಡಿ, ಮೂತ್ರಪಿಂಡ ಸೋತಾಗಲೂ ಅಮೈಲೇಸ್ ಏರುತ್ತದೆ. ಮಂಗನಬಾವಿನಲ್ಲೂ ಹಾಗೇ. ಶುಗರ್ ವಿಪರೀತ ಏರಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ತುಂಬಿಕೊಂಡಾಗ ಉರಿಯೂತವಿಲ್ಲದೆಯೂ ಏರಬಹುದು. ಶುಗರ್ ಇಳಿಸುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲೂ ಕೊಂಚ ಹೆಚ್ಚುವುದುಂಟು. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಒಂದು ಮೋಸವೂ ಇದೆ. ಶುಗರ್ ಹತೋಟಿ ತಪ್ಪಿದವರಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ತೀರಾ ಏರಿದ್ದರೆ ಉರಿಯೂತ ಇದ್ದರೂ ಅಮೈಲೇಸ್ 'ನಾರ್ಮಲ್' ಎಂದು ಬರಬಹುದು. ಅಲ್ಲದೆ ಅಮೈಲೇಸ್ 3ರಿಂದ 5 ದಿನಗಳಲ್ಲಿ ಇಳಿದುಬಿಡುತ್ತದೆ, ಇದೇ ಗ್ರಂಥಿಯ ಕೊಬ್ಬು ಒಡೆಯುವ ಕಿಣ್ವ ಲೈಪೇಸ್ ಹೆಚ್ಚು ದಿನ ಮೇಲೇ ಇರುತ್ತದೆ. ಅದಕ್ಕೇ ವೈದ್ಯರು ಲೈಪೇಸ್ ಕೇಳುವುದು.

ಬೆನ್ನಿಗೆ ಹಾಯುವಂಥ ಮೇಲುಹೊಟ್ಟೆ ನೋವು ಬಂದಾಗ ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ರಾತ್ರಿ ಕಳೆಯಬೇಡಿ. ಜೋಯಿಡಾ, ಸಿದ್ದಾಪುರದ ಒಳ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆಗೆ ಹೋಗಲು ಹೊತ್ತು ಹಿಡಿಯುತ್ತದೆ. ಕಾರವಾರವೋ ಹುಬ್ಬಳ್ಳಿಯೋ ಮಣಿಪಾಲವೋ, ಬೇಗ ಹೊರಡಿ. ಹಳೆಯ ರಿಪೋರ್ಟುಗಳು ಮತ್ತು ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಇನ್ಸುಲಿನ್ ಚೀಟಿ ಜೊತೆಗಿರಲಿ.