ಅಪ್ಪನ ಸೀಟು ಅಂತ ಬರೆದು ಅಳಿಸಿದ್ದು

ಡಬ್ಲಿನ್‌ನಲ್ಲಿ ನಮ್ಮ ಕನ್ನಡ ಗೆಳೆಯರ ಗುಂಪು ರಾಜ್ಯೋತ್ಸವಕ್ಕೆ ಒಂದು ಸಣ್ಣ ಸ್ಮರಣ ಸಂಚಿಕೆ ತರುತ್ತದೆ. ಪ್ರತಿ ಸಲ ನಾನು ಪ್ರವಾಸದ ಬಗ್ಗೆ ಬರೆದು ಕೊಡುತ್ತಿದ್ದೆ. ಈ ಸಲ ಸಂಪಾದಕಿ, ಧಾರವಾಡದ ಅಕ್ಕ, "ಪ್ರವಾಸದ್ದು ಸಾಕಪ್ಪ, ಆಗಲೇ ಏಳು ಬಂದಾವ. ಇಲ್ಲಿಯ ರಾಜಕಾರಣಿ ಯಾರದರ ಬಗ್ಗೆ ಬರಿ" ಅಂದರು.

ಐರ್ಲೆಂಡಿನ ಮಾಜಿ ಪ್ರಧಾನಿ ಲಿಯೋ ವರಾಡ್ಕರ್ ಬಗ್ಗೆ ಬರೆಯಬಹುದಿತ್ತು. ಅವರ ಅಪ್ಪ ಮುಂಬೈಯವರು ಅನ್ನೋದು ಇಲ್ಲಿರುವ ಪ್ರತಿ ಭಾರತೀಯನಿಗೂ ಗೊತ್ತು, ಗೊತ್ತಿರೋದನ್ನೇ ಮತ್ತೆ ಬರೆದು ಏನು ಪ್ರಯೋಜನ ಅಲ್ವಾ? ನಾನು 1973ರಿಂದ 77ರವರೆಗೆ ಇಲ್ಲಿ ಪ್ರಧಾನಿಯಾಗಿದ್ದ ಲಿಯಂ ಕಾಸ್‌ಗ್ರೇವ್ ಅವರನ್ನು ಆರಿಸಿಕೊಂಡೆ. ಕಾರಣ ತುಂಬಾ ಸಣ್ಣದು. ನನ್ನ ಹೆಂಡತಿ ಸೇಂಟ್ ಜೇಮ್ಸ್ ಆಸ್ಪತ್ರೆಯಲ್ಲಿ ನರ್ಸ್. ನೈಟ್ ಶಿಫ್ಟ್ ಮುಗಿಸಿ ಬರುವವರೆಗೆ ನಾನು ಹೊರಗೆ ಕಾರಿನಲ್ಲಿ ಕೂತಿರುತ್ತೇನೆ. ಆ ಜಾಗದಲ್ಲಿ ಹಿಂದೆ ಸೌತ್ ಡಬ್ಲಿನ್ ಯೂನಿಯನ್ ಅನ್ನುವ ದೊಡ್ಡ ಬಡವರ ವಸತಿ ಇತ್ತಂತೆ, 1916ರಲ್ಲಿ ಬ್ರಿಟಿಷರ ವಿರುದ್ಧ ನಡೆದ ದಂಗೆಯಲ್ಲಿ ಅಲ್ಲಿ ಗುಂಡು ಹಾರಿಸಿದವರಲ್ಲಿ ಒಬ್ಬರು ಲಿಯಂ ಅವರ ಅಪ್ಪ, ಡಬ್ಲ್ಯು.ಟಿ. ಕಾಸ್‌ಗ್ರೇವ್. ಬ್ರಿಟಿಷರು ಮರಣದಂಡನೆ ವಿಧಿಸಿ ಆಮೇಲೆ ಜೀವಾವಧಿಗೆ ಇಳಿಸಿದರು. ಆರು ವರ್ಷ ಕಳೆಯುವಷ್ಟರಲ್ಲಿ ಅದೇ ಮನುಷ್ಯ ಸ್ವತಂತ್ರ ಐರ್ಲೆಂಡಿನ ಸರ್ಕಾರ ನಡೆಸುತ್ತಿದ್ದರು, 1932ರವರೆಗೆ.

ಕೂತು ಬರೆದೆ. ನನ್ನ ಮೊದಲ ಕರಡಿನ ಮೊದಲ ಸಾಲು ಹೀಗಿತ್ತು: "ಅಪ್ಪ ಬಿಟ್ಟ ಸೀಟಿಗೆ ಮಗ ಬಂದ."

ಬರೆದಾಗ ಖುಷಿಯಾಯಿತು. ನಮ್ಮ ಕಡೆ ಓದುವವರಿಗೆ ಥಟ್ಟನೆ ಅರ್ಥವಾಗುತ್ತದೆ, ನಾವು ನೋಡಿ ಬೆಳೆದದ್ದೇ ಅದು. ಆದರೆ ಇಸವಿ ಹಾಕೋಣ ಅಂತ ದಾಖಲೆ ತೆಗೆದರೆ ಸಾಲು ಪೂರ್ತಿ ತಪ್ಪು. 1943ರಲ್ಲಿ, 23ನೇ ವಯಸ್ಸಿನಲ್ಲಿ, ಲಿಯಂ ಗೆದ್ದದ್ದು ಡಬ್ಲಿನ್ ಕೌಂಟಿ ಕ್ಷೇತ್ರದಿಂದ. ಆಗ ಅಪ್ಪ ಇನ್ನೂ ಸೀಟು ಬಿಟ್ಟೇ ಇರಲಿಲ್ಲ, ಅವರದು ಕಾರ್ಕ್ ನಗರದ ಕ್ಷೇತ್ರ. ಒಂದು ವರ್ಷ ಇಬ್ಬರೂ ಒಂದೇ ಸದನದಲ್ಲಿ ಕೂತಿದ್ದರು. ಅಪ್ಪ ನಿವೃತ್ತರಾದದ್ದು 1944ರಲ್ಲಿ. ಹಾಗಂತ ಹೆಸರು ಕೆಲಸ ಮಾಡಲಿಲ್ಲ ಅಂತಲ್ಲ, ಖಂಡಿತ ಮಾಡಿತು. ಇಲ್ಲಿ ಒಂದು ಕ್ಷೇತ್ರದಿಂದ ಮೂರು, ನಾಲ್ಕು, ಐದು ಜನ ಆರಿಸಿ ಬರುತ್ತಾರೆ, ಮತಚೀಟಿಯಲ್ಲಿ 1, 2, 3 ಅಂತ ಇಷ್ಟದ ಕ್ರಮ ಬರೆಯಬೇಕು. ಪೌರತ್ವ ಇಲ್ಲದಿದ್ದರೂ ಇಲ್ಲಿ ವಾಸ ಇರುವವರು ಸ್ಥಳೀಯ ಚುನಾವಣೆಗೆ ಮತ ಹಾಕಬಹುದು, ನಾನೂ ಹಾಕಿದ್ದೇನೆ, ಆಗ ಗೊತ್ತಾಯಿತು: ಪರಿಚಿತ ಮನೆತನದ ಹೆಸರು ಕಂಡರೆ ಕೈ ತಾನಾಗಿ ಅಲ್ಲಿ ಒಂದು ನಂಬರ್ ಬರೆಯುತ್ತದೆ. ಅದೇ ಪಕ್ಷದ ಇನ್ನೊಬ್ಬರೂ ಪಕ್ಕದಲ್ಲೇ ಇರುತ್ತಾರೆ, ಹಾಗಾಗಿ ಹೆಸರೊಂದೇ ಸಾಕಾಗೋದಿಲ್ಲ. ಇದನ್ನೆಲ್ಲ ವಿವರಿಸೋಕೆ ಒಂದು ಪುಟ ಹೋಯಿತು. ಸಾಲು ಅಳಿಸಿದೆ, ಬೇಜಾರಿನಿಂದಲೇ.

ಆಮೇಲೆ ಉಚ್ಚಾರಣೆಯ ಗೋಳು. ಇಲ್ಲಿನ ಪ್ರಧಾನಿಯ ಪದವಿಯನ್ನು ಅಕ್ಷರ ನೋಡಿ ಓದಿದರೆ ಯಾವ ಜನ್ಮಕ್ಕೂ ಸರಿ ಬರೋದಿಲ್ಲ. ಕಿವಿಗೆ ಕೇಳಿಸೋದು "ಟೀಶಕ್". ಲೋಕಸಭೆಗೆ "ಡಾಯ್ಲ್", ನಮ್ಮ ಬೇಳೆ ನೆನಪಾಗುತ್ತೆ. ಕಾಸ್‌ಗ್ರೇವ್ ಅವರ ಪಕ್ಷ ಫಿನ ಗೇಲ್, ಎದುರಾಳಿ ಫಿಯನ ಫಾಯ್ಲ್. ಒಮ್ಮೆ ಹೇಳಿ, ಆಮೇಲೆ ಪ್ರಧಾನಿ, ಸದನ ಅಂತಲೇ ಮುಂದುವರಿದೆ.

ಇದಕ್ಕಿಂತ ಕಷ್ಟ ಆದದ್ದು ಅವನು ಮತ್ತು ಅವರು. ಕನ್ನಡದಲ್ಲಿ ಇದರಿಂದ ತಪ್ಪಿಸಿಕೊಳ್ಳೋಕೆ ದಾರಿ ಇಲ್ಲ. 1923ರ ಜನವರಿಯಲ್ಲಿ, ಬ್ರಿಟಿಷರ ಜೊತೆಗಿನ ಒಪ್ಪಂದ ಒಪ್ಪಿದವರಿಗೂ ಒಪ್ಪದವರಿಗೂ ನಡೆದ ಅಂತರ್ಯುದ್ಧದ ಹೊತ್ತಿನಲ್ಲಿ, ವಿರೋಧಿ ಬಣದವರು ಟೆಂಪಲ್‌ಓಗ್‌ನಲ್ಲಿದ್ದ ಕಾಸ್‌ಗ್ರೇವ್ ಮನೆಗೆ ಬೆಂಕಿ ಇಟ್ಟಾಗ ಲಿಯಂ ಮೂರು ವರ್ಷವೂ ತುಂಬದ ಮಗು. ಆ ಮಗುವನ್ನು "ಅವರು" ಅನ್ನೋಕೆ ಆಗಲ್ಲ. ಪ್ರಧಾನಿಯನ್ನು "ಅವನು" ಅನ್ನೋಕೂ ಮನಸ್ಸು ಬರಲ್ಲ. ಕೊನೆಗೆ 1943ರಲ್ಲಿ ಸದನಕ್ಕೆ ಕಾಲಿಟ್ಟ ದಿನದಿಂದ ಬಹುವಚನ ಅಂತ ನಾನೇ ಕಾನೂನು ಮಾಡಿಕೊಂಡೆ. ಅಪ್ಪನಿಗೆ ಮೊದಲಿಂದಲೂ ಬಹುವಚನ. ಹೀಗೆ ಮರ್ಯಾದೆ ಕೊಡುತ್ತಾ ಹೋದರೆ ಒಂದು ಅಪಾಯ ಇದೆ, ಕೆಟ್ಟದ್ದನ್ನು ಬಿಟ್ಟುಬಿಡೋಣ ಅನಿಸುತ್ತೆ. ಮನೆ ಸುಟ್ಟದ್ದನ್ನು ಬರೆದ ಮೇಲೆ, ಅದೇ ಅಂತರ್ಯುದ್ಧದಲ್ಲಿ ಅಪ್ಪನ ಸರ್ಕಾರ ಎಪ್ಪತ್ತಕ್ಕೂ ಹೆಚ್ಚು ಕೈದಿಗಳನ್ನು ಗುಂಡಿಕ್ಕಿ ಕೊಂದದ್ದನ್ನೂ ಬರೆಯಲೇಬೇಕಿತ್ತು. ಬರೆದೆ.

ಮೊದಲ ಪೂರ್ತಿ ಕರಡನ್ನು ಅಕ್ಕನಿಗೆ ಕಳಿಸಿದೆ. "ಹುಟ್ಟಿದ, ಓದಿದ, ಗೆದ್ದ, ಸತ್ತ. ಇದೇನು ಬಯೋಡೇಟಾ ಏನೋ ತಮ್ಮ?" ಅಂತ ಫೋನಿನಲ್ಲೇ ಬೈದರು. ಸರಿಯಾಗೇ ಬೈದರು. ಹುಟ್ಟಿದ್ದು 1920, ಬ್ಯಾರಿಸ್ಟರ್, 1954ರಿಂದ 57ರವರೆಗೆ ವಿದೇಶಾಂಗ ಮಂತ್ರಿ, ಆ ಅವಧಿಯಲ್ಲೇ ಐರ್ಲೆಂಡ್ ವಿಶ್ವಸಂಸ್ಥೆಗೆ ಸೇರಿತು, 1965ರಲ್ಲಿ ಪಕ್ಷದ ನಾಯಕ. ಇಷ್ಟನ್ನು ಎರಡೇ ಸಾಲಿಗೆ ಇಳಿಸಿ, 1973ರ ಮಾರ್ಚ್‌ನಿಂದ ಶುರು ಮಾಡಿದೆ.

ಯಾಕೆ ಅಂದರೆ ಆ ದಿನ ಒಂದು ನಾಟಕ ಇದೆ. ಲಿಯಂ ಪ್ರಧಾನಿಯಾದರು. ಇಲ್ಲಿ ಪ್ರಧಾನಿಯನ್ನು ನೇಮಿಸುವವರು ರಾಷ್ಟ್ರಪತಿ. ಆಗ ರಾಷ್ಟ್ರಪತಿ ಯಾರು? ಏಮನ್ ಡಿ ವಲೇರಾ! 90 ವರ್ಷ, ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ಅಂತರ್ಯುದ್ಧದಲ್ಲಿ ಕಾಸ್‌ಗ್ರೇವ್ ಮನೆ ಸುಟ್ಟ ಬಣದ ರಾಜಕೀಯ ಮುಖಂಡ. 1932ರಲ್ಲಿ ಚುನಾವಣೆ ಸೋತಾಗ ಅಪ್ಪ ಜಗಳವಿಲ್ಲದೆ ಅಧಿಕಾರ ಬಿಟ್ಟುಕೊಟ್ಟದ್ದು ಇವರಿಗೇ. ಸುಟ್ಟ ಮನೆಯ ಮಗುವನ್ನು ಐವತ್ತು ವರ್ಷದ ಮೇಲೆ ಪ್ರಧಾನಿಯಾಗಿ ನೇಮಿಸಿದ್ದೂ ಇವರೇ. ಇಂಥದ್ದು ಕೈಗೆ ಸಿಕ್ಕಿದಾಗ ವಿಶೇಷಣ ಹಾಕಬಾರದು, ಸುಮ್ನೆ ಹೇಳಿ ಮುಂದೆ ಹೋಗಬೇಕು. ನಾನು ಮೊದಲು "ವಿಧಿಯ ಲೀಲೆ" ಅಂತ ಸೇರಿಸಿದ್ದೆ. ಅಕ್ಕ ಅದರ ಮೇಲೆ ಕೆಂಪು ಗೀಟು ಹಾಕಿದರು.

ಈ ಪದವಿ ಸುಲಭಕ್ಕೆ ಸಿಕ್ಕದ್ದೂ ಅಲ್ಲ. ಮೂರು ತಿಂಗಳ ಹಿಂದೆ ಸ್ವಂತ ಪಕ್ಷದಲ್ಲೇ ಅವರ ಕುರ್ಚಿ ಅಲ್ಲಾಡುತ್ತಿತ್ತು. ಸರ್ಕಾರ ತಂದಿದ್ದ ಭಯೋತ್ಪಾದನೆ ವಿರುದ್ಧದ ಮಸೂದೆಯನ್ನು ವಿರೋಧ ಪಕ್ಷದ ನಾಯಕರಾಗಿದ್ದೂ ಅವರು ಬೆಂಬಲಿಸುತ್ತಿದ್ದರು, ಪಕ್ಷ ಒಪ್ಪಿರಲಿಲ್ಲ. 1972ರ ಡಿಸೆಂಬರ್ 1ರಂದು ಚರ್ಚೆ ನಡೆಯುತ್ತಿರುವಾಗಲೇ ಡಬ್ಲಿನ್‌ನಲ್ಲಿ ಬಾಂಬ್ ಸಿಡಿದು ಇಬ್ಬರು ಸತ್ತರು. ಪಕ್ಷ ವಿರೋಧ ಕೈಬಿಟ್ಟಿತು. ನಾಯಕ ಉಳಿದುಕೊಂಡರು.

ನನಗೆ ಜಾಸ್ತಿ ಹೊತ್ತು ಹಿಡಿದದ್ದು 1974ರ ಜುಲೈ ಪ್ರಸಂಗ. ದಂಪತಿಗಳು ಗರ್ಭನಿರೋಧಕ ತರಿಸಿಕೊಳ್ಳೋದನ್ನು ತಡೆಯುವಂತಿಲ್ಲ ಅಂತ ಹಿಂದಿನ ವರ್ಷ ಸುಪ್ರೀಂ ಕೋರ್ಟ್ ಹೇಳಿತ್ತು. ಅದಕ್ಕೆ ಕಾಸ್‌ಗ್ರೇವ್ ಸರ್ಕಾರವೇ ಮಸೂದೆ ತಂದಿತು, ಮದುವೆಯಾದವರಿಗೆ ಮಾತ್ರ ಮಾರಾಟ ಅಂತ. ಪಕ್ಷದ ವಿಪ್ ಇರಲಿಲ್ಲ. ಮತದ ಹೊತ್ತಿಗೆ ಪ್ರಧಾನಿ ಎದ್ದು ಹೋಗಿ ತಮ್ಮದೇ ಸರ್ಕಾರದ ಮಸೂದೆಯ ವಿರುದ್ಧ ಮತ ಹಾಕಿದರು. ಮಂತ್ರಿಗಳಿಗೂ ಮೊದಲೇ ಹೇಳಿರಲಿಲ್ಲ. 75ಕ್ಕೆ 61, ಮಸೂದೆ ಬಿತ್ತು. ಅಪ್ಪನ ಹಾಗೆ ಇವರೂ ಕಟ್ಟಾ ಕ್ಯಾಥೊಲಿಕ್. ನನಗಂತೂ ಆ ಮತ ಒಪ್ಪಿಗೆ ಇಲ್ಲ, ಹೆಂಡತಿಗೆ ಓದಿ ಹೇಳಿದಾಗ ಅವಳು ಇನ್ನೂ ಕಟುವಾಗಿ ಹೇಳಿದಳು. ಆದರೂ ಇದನ್ನು ಬೈದು ಬರೆಯಲಿಲ್ಲ. ಅಂಕಿ ಸಾಕು ಅನಿಸಿತು.

ಅನುವಾದದಲ್ಲಿ ಸೋತದ್ದು ಒಂದೇ ಕಡೆ. 1976ರ ಅಕ್ಟೋಬರ್‌ನಲ್ಲಿ ಕಾಸ್‌ಗ್ರೇವ್ ಸಂಪುಟದ ರಕ್ಷಣಾ ಮಂತ್ರಿ ಪ್ಯಾಡಿ ಡೊನೆಗನ್, ಮಲಿಂಗಾರ್‌ನ ಸೈನಿಕರ ಮುಂದೆಯೇ, ಮಸೂದೆಯೊಂದನ್ನು ಸುಪ್ರೀಂ ಕೋರ್ಟಿಗೆ ಕಳಿಸಿದ ಆಗಿನ ರಾಷ್ಟ್ರಪತಿ ಓ ಡಾಲಿಯವರನ್ನು "ಥಂಡರಿಂಗ್ ಡಿಸ್‌ಗ್ರೇಸ್" ಅಂದುಬಿಟ್ಟರು. "ಗುಡುಗುವ ಅವಮಾನ" ಅಂತ ಬರೆದರೆ ಹಾಸ್ಯವಾಗುತ್ತೆ. "ಮಹಾ ಮಾನಗೇಡಿ" ಹತ್ತಿರ ಬಂತು, ಅದನ್ನೇ ಇಟ್ಟೆ. ಮಂತ್ರಿ ರಾಜೀನಾಮೆ ಕೊಡ್ತೀನಿ ಅಂದರೂ ಕಾಸ್‌ಗ್ರೇವ್ ತೆಗೆದುಕೊಳ್ಳಲಿಲ್ಲ, ಕೊನೆಗೆ ರಾಷ್ಟ್ರಪತಿ ಓ ಡಾಲಿಯವರೇ ರಾಜೀನಾಮೆ ಕೊಟ್ಟು ಹೋದರು. ನಿಷ್ಠೆ ತಪ್ಪು ಜಾಗದಲ್ಲಿ ಗಟ್ಟಿಯಾದರೆ ಹೀಗೇ ಆಗೋದು ಅನ್ನೋದು ನನ್ನ ಅಭಿಪ್ರಾಯ.

1977ರಲ್ಲಿ ಸೋಲು. ಕ್ಷೇತ್ರಗಳನ್ನು ತಮಗೆ ಅನುಕೂಲವಾಗುವ ಹಾಗೆ ಕತ್ತರಿಸಿಕೊಂಡಿದ್ದರು, ಅದು ತಿರುಗಿ ಬಡಿದು ಎದುರಾಳಿಗೆ 148ರಲ್ಲಿ 84 ಸೀಟು ಬಂತು. ನಾಯಕತ್ವ ಬಿಟ್ಟರು, 1981ರಲ್ಲಿ ಸದನವನ್ನೂ ಬಿಟ್ಟರು. ಅವರದು ಡನ್ ಲಿಯರಿ ಕ್ಷೇತ್ರ. ಅದೇ ವರ್ಷ ಅಲ್ಲಿಂದಲೇ ಆರಿಸಿ ಬಂದದ್ದು ಅವರ ಮಗ, ಲಿಯಂ ಟಿ. ಕಾಸ್‌ಗ್ರೇವ್.

ನಾನು ಅಳಿಸಿದ್ದ ಸಾಲನ್ನು ಹುಡುಕಿ ತಂದು ಇಲ್ಲಿ ಅಂಟಿಸಿದೆ.

ಲಿಯಂ ತೀರಿಕೊಂಡದ್ದು 2017ರಲ್ಲಿ, 97ನೇ ವಯಸ್ಸಿನಲ್ಲಿ. ಗೋಲ್ಡನ್‌ಬ್ರಿಜ್ ಸ್ಮಶಾನದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು, ಹೆಂಡತಿಯ ಆಸ್ಪತ್ರೆಯಿಂದ ಬಹಳ ದೂರ ಇಲ್ಲ. ಸಂಚಿಕೆ ಅಚ್ಚಾಗಿ ಬಂದಾಗ ನೋಡಿದರೆ ಅಪ್ಪನ ಫೋಟೊ ಕೆಳಗೆ ಮಗನ ಹೆಸರು, ಮಗನ ಫೋಟೊ ಕೆಳಗೆ ಅಪ್ಪನ ಹೆಸರು. ಇಬ್ಬರಿಗೂ ಮೀಸೆ ಇತ್ತಲ್ಲ, ಕಳಿಸುವಾಗ ನಾನೇ ಅದಲುಬದಲು ಮಾಡಿದ್ದೆ. ಪ್ರತಿಗಳೆಲ್ಲ ಹಂಚಿ ಮುಗಿಯುವವರೆಗೂ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.