ಭಾಷಣದ ಲೆಕ್ಕ ಸರಿಯೋ ತಪ್ಪೋ, ನೋಡುವುದು ಹೇಗೆ?

ಚುನಾವಣೆ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಪೇಟೆಯಲ್ಲಿ ಮೈಕಿನದ್ದೇ ಸದ್ದು. ಕೇಳಿದ ಮಾತನ್ನು ಇದ್ದ ಹಾಗೇ ಬರೆದಿಟ್ಟುಕೊಳ್ಳಿ. ಯಾವ ವರ್ಷದ ಲೆಕ್ಕ, ಜಿಲ್ಲೆಯದ್ದಾ ಇಡೀ ರಾಜ್ಯದ್ದಾ ಅಂತ ನೋಡಿ.

ಕೆಲಸದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ನಿರುದ್ಯೋಗದ ಅಂಕಿ ಬರುವುದು ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಅಂತ ನೋಡುವ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆಯಿಂದ. ಅದರ ವಾರದ ಲೆಕ್ಕದಲ್ಲಿ, ಹಿಂದಿನ 7 ದಿನಗಳಲ್ಲಿ ಒಂದೇ ಒಂದು ಗಂಟೆ ಅಡಿಕೆ ಸುಲಿದು ಕೂಲಿ ಪಡೆದವರೂ ಕೆಲಸ ಇರುವವರೇ! ವರ್ಷದ ಲೆಕ್ಕ ಬೇರೆ. ಒಬ್ಬ ಭಾಷಣಕಾರರು ವಾರದ್ದನ್ನು, ಇನ್ನೊಬ್ಬರು ವರ್ಷದ್ದನ್ನು ಹೇಳಿದರೆ, ಇಬ್ಬರೂ ಸುಳ್ಳು ಹೇಳದೆಯೇ ನಮ್ಮನ್ನು ದಾರಿ ತಪ್ಪಿಸಬಹುದು. ಸರ್ಕಾರಿ ಕೆಲಸಕ್ಕೆ ಆಯ್ಕೆ ಮಾಡುವ ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸ ಸಿಕ್ಕಿದ ಹಾಗಲ್ಲ, ಅಲ್ವಾ?

ತೆರಿಗೆಗೆ ಬಜೆಟ್ ದಾಖಲೆ ನೋಡಿ. 2023ರ ಏಪ್ರಿಲ್‌ನಿಂದ ಪೆಟ್ರೋಲ್ ಲೀಟರಿಗೆ 2 ರೂಪಾಯಿ ಸೆಸ್ ಹಾಕಿದ್ದು ಕೇರಳ ಸರ್ಕಾರ, ಅಬಕಾರಿ ಸುಂಕ ಕೇಂದ್ರದ್ದು.

ಆಸ್ಪತ್ರೆಯ ಮಾತು ಬಂದರೆ ಶಿಲಾನ್ಯಾಸದ ಫೋಟೋ ಸುಮ್ನೆ ನಂಬಬೇಡಿ. ಉಕ್ಕಿನಡ್ಕ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ, ಆಮೇಲೂ ಎಷ್ಟು ವರ್ಷ ಮಂಗಳೂರಿಗೇ ಓಡಿದೆವು! ಹಾಸಿಗೆ ಎಷ್ಟು, ಡಾಕ್ಟರ್ ಎಷ್ಟು ಅಂತ ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಆರ್‌ಟಿಐ ಹಾಕಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.